ಆನೆ ಬಂದ ವರ್ಷದ ಹುಡುಗಿ

ಹೊಸೂರು
೧೪ ಜೂನ್ ೧೯೪೬

ತಳಿ ಗ್ರಾಮದಲ್ಲಿರುವ ಚಿರಸೌಭಾಗ್ಯವತಿ ಅಂಜಿನಮ್ಮನಿಗೆ ನಿನ್ನ ಗಂಡ ಬರೆಯುವುದೇನೆಂದರೆ, ಇಲ್ಲಿ ನಾನು ಕ್ಷೇಮ, ಹೊಸ ತರಕಾರಿ ಮಂಡಿಯೂ ಕ್ಷೇಮ. ಅಲ್ಲಿ ಮಕ್ಕಳೂ ನಿನ್ನ ಕೋಪವೂ ಆರೋಗ್ಯವಾಗಿರಬಹುದು.

ಮಕ್ಕಳಿಬ್ಬರಿಗೂ ಶಾಲೆ ಗೊತ್ತಾಗುವವರೆಗೆ ಗಾಡಿಗೆ ಒಂದು ಚೊಂಬನ್ನೂ ಏರಿಸುವುದಿಲ್ಲ ಎಂದು ನೀನು ಹೇಳಿ ಎರಡು ತಿಂಗಳಾಯಿತು. ವೆಂಕಟಾಚಲನಿಗೆ ಸರಿ, ಅಲಮೇಲುಗೆ ಯಾಕೆ ಎಂದು ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ, ಮಕ್ಕಳ ಕಣ್ಣಿಗೆ ಬಿದ್ದೀತು.

ಮೂರು ಶಾಲೆ ನೋಡಿದೆ. ಆಲೂಗಡ್ಡೆ ಮೂಟೆಯ ಬಾಯಲ್ಲಿ ಎಲ್ಲರೂ ದಪ್ಪದ್ದನ್ನೇ ಇಟ್ಟಿರುತ್ತಾರೆ; ನಾನು ನಡುವಿಗೆ ಕೈ ಹಾಕುವವನು. ಇಲ್ಲೂ ಹಾಗೇ ಮಾಡಿದೆ. ಇಂಗ್ಲಿಷ್ ಶಾಲೆಯ ಮುಂದಿನ ಬೆಂಚು ನೀರು ಸುರಿದಂತೆ ಮಾತಾಡಿತು. ಕೊನೆಯ ಬೆಂಚಿನವನನ್ನು ಹೆಸರು ಕೇಳಿದರೆ, ಅವನು ಮೊದಲು ಮೇಷ್ಟ್ರ ಬೆತ್ತ ನೋಡಿ ಆಮೇಲೆ ಹೇಳಿದ. ತಮಿಳು ಶಾಲೆಯ ಮೇಷ್ಟ್ರು ಚಿನ್ನದಂಥವರು, ಆದರೆ ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸುವುದಿಲ್ಲ. ತಮಿಳನ್ನು ಮಕ್ಕಳು ನನ್ನ ಮಂಡಿಯಲ್ಲೇ ಪುಕ್ಕಟೆ ಕಲಿಯುತ್ತಾರೆ ಬಿಡು.

ಕನ್ನಡ ಶಾಲೆಯಲ್ಲಿ ಬೆಂಚಿಗಿಂತ ಚಾಪೆ ಹೆಚ್ಚು. ಕೊನೆಯ ಚಾಪೆಯಲ್ಲಿದ್ದ ಹುಡುಗಿಯನ್ನು, ಒಂದು ಸೇರು ರಾಗಿ ಹಿಟ್ಟಿಗೆ ಎಷ್ಟು ಮುದ್ದೆ ಆಗುತ್ತದಮ್ಮ ಎಂದು ಕೇಳಿದೆ. "ಯಾರು ಕಟ್ಟೋದು? ನಮ್ಮವ್ವ ಕಟ್ಟಿದ್ರೆ ನಾಕು, ನಮ್ಮಜ್ಜಿ ಕಟ್ಟಿದ್ರೆ ಆರು" ಅಂದಳು. ಹೆಡ್‌ಮೇಷ್ಟ್ರು ಸುಬ್ಬರಾಮಯ್ಯನವರು ನಕ್ಕುಬಿಟ್ಟರು. ನನ್ನ ವ್ಯಾಪಾರ ಅಲ್ಲೇ ಕುದುರಿತು. ಆ ಹುಡುಗಿಯ ಬಾಯಿ ಥೇಟು ನಮ್ಮ ಅಲಮೇಲುವಿನದೇ.

ತೊಡಕು ಆಮೇಲೆ ಬಂತು. ಒಂದನೇ ತರಗತಿ ಭರ್ತಿ. ಎರಡನೆಯದರಲ್ಲಿ ಎರಡೇ ಜಾಗ, ಅದೂ ಏಳು ತುಂಬಿದವರಿಗೆ. ನಮ್ಮವಳಿಗೆ ಏಳಾಗಲು ಇನ್ನೂ ಆರು ತಿಂಗಳು.

ಹುಡುಗಿ ಹುಟ್ಟಿದ್ದು ಯಾವಾಗ ಎಂದು ಸುಬ್ಬರಾಮಯ್ಯನವರು ಕೇಳಿದರು. ಜವಳಗಿರಿ ಕಾಡಿನ ಆನೆ ನಮ್ಮ ರಾಗಿಗೆ ಬಿದ್ದ ವರ್ಷ ಎಂದೆ. ಬಾಗಿಲಲ್ಲಿದ್ದ ಜವಾನ ಕೊಂಡಪ್ಪ ಜವಳಗಿರಿಯವನೇ. "ಅದು ಮೂವತ್ತೇಳ್ನೇ ಇಸ್ವಿ ಸಾಮಿ, ನಮ್ಮ ಗುಡ್ಲು ಕಿತ್ತಾಕ್ಬುಟ್ಟಿದ್ದೂ ಅದೇಯಾ" ಅಂದ. ಮೇಷ್ಟ್ರು ಹಾಗೇ ಬರೆದುಕೊಂಡರು. ವೆಂಕಟಾಚಲ ನಾವು ಬಾವಿ ತೋಡಿಸಿದ ವರ್ಷದವನು, ಮೂವತ್ತೆಂಟು. ಅದನ್ನೂ ಬರೆದರು.

ದಾರಿಯಲ್ಲಿ ಬರುವಾಗ ಹೊಳೆಯಿತು: ಆನೆ ಬಂದದ್ದು ಎರಡು ಸಲ. ಮೂವತ್ತೇಳರಲ್ಲಿ ಅವರ ಊರಿಗೆ, ಮೂವತ್ತೊಂಬತ್ತರಲ್ಲಿ ನಮ್ಮ ಹೊಲಕ್ಕೆ. ಹೀಗಾಗಿ ಶಾಲೆಯ ಪುಸ್ತಕದಲ್ಲಿ ಅಲಮೇಲು ತನ್ನ ಅಣ್ಣನಿಗೆ ಅಕ್ಕನಾಗಿದ್ದಾಳೆ. ತಪ್ಪು ನಡೆದುಹೋಯಿತು, ಏನು ಮಾಡಲಿ? ತಿದ್ದಿಸಿದರೆ ಅವಳು ಒಂದು ವರ್ಷ ಮನೆಯಲ್ಲಿ, ನೀನು ಒಂದು ವರ್ಷ ತಳಿಯಲ್ಲಿ.

ಸೋಮವಾರ ಇಬ್ಬರನ್ನೂ ಕರೆತರಬೇಕಂತೆ. ವಯಸ್ಸು ತಿಳಿಯಲು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಾರೆ. ಅಟ್ಟದ ಬೆಲ್ಲದ ಗಡಿಗೆಗೆ ಎಟುಕುವ ಅಲಮೇಲುವಿನ ಕೈ ಕಿವಿಗೆ ಎಟುಕದೇ ಇದ್ದೀತೇ? ಓದಿನ ಚಿಂತೆಯೂ ಬೇಡ. ಸುಗ್ಗಿಯಲ್ಲಿ ನಾನು ಮೂಟೆಗಳ ಮೇಲೆ ಹೆಸರು ಬರೆಯುವಾಗ, "ಅಪ್ಪಾ, ನಂಜಪ್ಪನ ಮೂಟೆ ಮ್ಯಾಲೆ ದೊಡ್ಡವೆಂಕಟಪ್ಪ ಅಂತ ಬರ್ದಿದ್ದೀಯ" ಎಂದು ತೋರಿಸಿದವಳು ಅವಳೇ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಅಂದೇ ಸೋಲಬೇಕಿತ್ತು.

ವೆಂಕಟಾಚಲನಿಗೆ ನೀನೇ ಸಮಾಧಾನ ಹೇಳು. ಶನಿವಾರ ಗಾಡಿ ಬರುತ್ತದೆ. ಚೊಂಬು ಏರಿಸು.

ನಿನ್ನ
ರಾಮಕೃಷ್ಣಪ್ಪ

ಮರೆತದ್ದು: ದಾರಿಯಲ್ಲಿ ಹೊಳೆಯಿತು ಎಂದೆನಲ್ಲ, ಅದು ಸುಳ್ಳು. ಕೊಂಡಪ್ಪ ಮೂವತ್ತೇಳು ಎಂದ ಗಳಿಗೆಯಲ್ಲೇ ಗೊತ್ತಿತ್ತು. ಅಲಮೇಲು ಹುಟ್ಟಿದ ದಿನ ನೀನು ಒಳಗೆ ನೋವು ತಿನ್ನುತ್ತಿದ್ದೆ, ನಾನು ಹೊಲದಲ್ಲಿ ಆನೆ ಓಡಿಸಲು ತಮಟೆ ಬಡಿಯುತ್ತಿದ್ದೆ. ತಮಟೆ ನಿಲ್ಲಿಸಿದಾಗ ಅವಳ ಅಳು ಕೇಳಿತು. ಅಂಥ ವರ್ಷ ಮರೆಯುವುದುಂಟೇ? ಆದರೂ ಮೇಷ್ಟ್ರ ಮುಂದೆ ಬಾಯಿ ಬಿಡಲಿಲ್ಲ. ನನಗೆ ಮಾತು ಜಾಸ್ತಿ ಎಂದು ಇಷ್ಟು ವರ್ಷ ದೂರಿದ್ದೀಯಲ್ಲ, ಆ ಲೆಕ್ಕದಿಂದ ಇದೊಂದು ಸಲವನ್ನು ಕಳೆದುಬಿಡು.