ನಕ್ಷೆಯಲ್ಲಿಲ್ಲದ ಮನೆಯಲ್ಲಿ ಸತ್ತವಳು

ಮಾನ್ಯ ಅರಣ್ಯಾಧಿಕಾರಿಗಳೇ,

ನಿಮ್ಮ ನಕ್ಷೆಯಲ್ಲಿ ಇಲ್ಲದ ಮನೆಯೊಂದರ ಗೋಡೆಯಡಿ ಚಿರುತ ಎಂಬ ಮುದುಕಿ ಸತ್ತಿದ್ದಾಳೆ. ಅವಳ ಕೈ ಮಣ್ಣಿನಿಂದ ಹೊರಗೆ ಚಾಚಿಕೊಂಡಿದ್ದರೂ ನಿಮ್ಮ ಬುಲ್ಡೋಜರ್ ನಿಲ್ಲಲಿಲ್ಲ. ಅಡ್ಡ ನಿಂತ ನನ್ನ ತಂಗಿ ಜೀವಿತಾ, ಆ ಬೆಟ್ಟದ ಆದಿವಾಸಿ ಹಾಡಿಯ ಶಾಲೆಯ ಟೀಚರು, ಲಾಠಿ ಏಟಿಗೆ ತಲೆ ಒಡೆದುಕೊಂಡು ಬಿದ್ದಳು. ಇಲ್ಲದ ಮನೆಯನ್ನು ಕೆಡವಲು ಬುಲ್ಡೋಜರ್ ಏಕೆ ಬೇಕಾಯಿತೆಂದು ತಿರುವನಂತಪುರದ ನಿಮ್ಮ ಕಚೇರಿಗೇ ಬಂದು ಕೇಳಿದೆ. ನಿಮ್ಮ ಸಿಬ್ಬಂದಿ ಐವತ್ತರ ದಶಕದ ಸರ್ವೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ನೋಡಿ ಚೇಚಿ, ಬರೀ ಹಸಿರು. ಇಲ್ಲಿ ಯಾವತ್ತೂ ಜನ ಇರಲೇ ಇಲ್ಲ" ಎಂದರು.

ಸೊಗಸಾದ ನಕ್ಷೆ, ಒಪ್ಪಿದೆ. ಶಿಖರದ ಎತ್ತರವಿದೆ, ಕಾಲುದಾರಿಯಿದೆ, ದಣಿದ ಸಾಹೇಬರು ತಂಗಲು ಬಂಗಲೆಯೂ ಇದೆ. ಆ ಬಂಗಲೆಗೆ ನೀರು ಹೊತ್ತವರು ಮರದಿಂದ ಉದುರಿದರೇ? ಹಾಡಿಯಲ್ಲಿ ಸಾವಾದರೆ, ಸತ್ತವರಿಗೆ ಹೋಗಲು ದಾರಿಯಾಗಲೆಂದು ಎಲ್ಲ ಮನೆಗಳ ಸೂರಿನ ಹುಲ್ಲನ್ನೂ ಬಿಚ್ಚುತ್ತಾರೆ. ಹೊಸ ಹುಲ್ಲು ಬೆಳೆಯುವವರೆಗೆ ಹೊಳೆಯಾಚೆ ವಾಸ, ಆಮೇಲೆ ಹೊದಿಸಿಕೊಂಡು ಮರಳುತ್ತಾರೆ. ಸರ್ವೆಯವರು ಹತ್ತಿಬಂದ ವರ್ಷ ಚಿರುತಳ ತಾಯಿ ತೀರಿಕೊಂಡಿದ್ದಳಂತೆ. ಸೂರಿಲ್ಲದ ಗೋಡೆಗಳನ್ನು ಅವರು ಮನೆ ಎಂದು ಬರೆದುಕೊಳ್ಳಲಿಲ್ಲ.

ನಾನು ಎಡಪ್ಪಳ್ಳಿಯ ಬ್ಯಾಂಕೊಂದರಲ್ಲಿ ಕೆಲಸಕ್ಕಿರುವ ಪುತ್ತೂರಿನವಳು. ಮಲಯಾಳಂನಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ನೀವು ತುಟಿ ಬಿಚ್ಚಲಿಲ್ಲ. ಸಿಟ್ಟು ನನಗೆ ಸರಿಯಾಗಿ ಬರುವುದು ಕನ್ನಡದಲ್ಲೇ, ಯಾರಿಂದಲಾದರೂ ಓದಿಸಿಕೊಳ್ಳಿ. ನಿನ್ನೆ ನಿಮ್ಮ ಹೊಸ ಆದೇಶ ಪತ್ರಿಕೆಯಲ್ಲಿ ಬಂದಿದೆ: ಡ್ರೋನ್ ಹಾರಿಸಿ ನೋಡಲಾಗಿ ಉಳಿದ ಮನೆಗಳಿಗೂ ಸೂರಿಲ್ಲ, ಜನ ಜಾಗ ಬಿಟ್ಟುಹೋಗಿದ್ದಾರೆ, ಸೋಮವಾರ ಎಲ್ಲವೂ ನೆಲಸಮ. ಎರ್ನಾಕುಲಂನ ಆಸ್ಪತ್ರೆಯಲ್ಲಿ ಅದನ್ನು ಓದಿ ಹೇಳಿದಾಗ ಜೀವಿತಾ ಹೊಲಿಗೆ ಹಾಕಿದ ತಲೆಯನ್ನು ಎತ್ತಲು ನೋಡಿದಳು.

"ಬಿಟ್ಟು ಹೋದದ್ದಲ್ಲ ಅಕ್ಕ! ಚಿರುತಜ್ಜಿ ಸತ್ತದ್ದಲ್ವಾ, ಅದಕ್ಕೆ ಮಾಡಿನ ಹುಲ್ಲು ತೆಗ್ದದ್ದು. ಅವ್ರು ವಾಪಸ್ ಬರ್ತಾರೆ. ನೀನು ಬೇಗ ಹೇಳು ಮಾರಾಯ್ತಿ."

ಹೇಳುತ್ತಿದ್ದೇನೆ. ಕೊಂದವರು ನೀವು. ಆ ಸಾವಿಗೆ ಸೂತಕ ಹಿಡಿದವರನ್ನು ಓಡಿಹೋದವರು ಎನ್ನುವವರೂ ನೀವೇ. ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತದೆ ನಿಮಗೆ? ಆದೇಶವನ್ನು ಇಂದೇ ಹಿಂತೆಗೆದುಕೊಳ್ಳಿ. ಚಿರುತಳನ್ನು ಕೊಂದವರ ಮೇಲೆ, ನಿಮ್ಮನ್ನೂ ಸೇರಿಸಿ, ಕೇಸು ದಾಖಲಾಗಲಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ನಾನು ಆ ಗೋಡೆಗಳ ನಡುವೆ ಕೂತಿರುತ್ತೇನೆ. ಬುಲ್ಡೋಜರಿಗೆ ಮೊದಲು ಡ್ರೋನ್ ಕಳಿಸಿ. ಮೇಲೆ ಸೂರಿಲ್ಲವಲ್ಲ, ಚೆನ್ನಾಗಿಯೇ ಕಾಣುತ್ತೇನೆ.

ಇಂತಿ,
ನಿಮ್ಮ ನಕ್ಷೆಯಲ್ಲಿ ಇನ್ನೂ ನಮೂದಾಗದ
ಚಂದ್ರಾವತಿ
ಎಡಪ್ಪಳ್ಳಿ, ಕೊಚ್ಚಿ