ಜಿಗಿಯುವ ಕಪ್ಪೆ ಮತ್ತು ನನ್ನ ಟೇಪು

ಜೂನ್ ೨೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈಯಬೇಡ. ಯೂನಿಫಾರ್ಮ್ ಹೊಲಿಗೆಯ ರಾಶಿಯಲ್ಲಿ ತಲೆ ಎತ್ತಲಾಗಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಡಬ್ಬಿ ಹಾಗೇ ಇದೆಯೋ?

ನನಗಂತೂ ನಮ್ಮ ಮಗಳು ಚಿನಕುರುಳಿಯ ಶಾಲೆಯದೇ ಚಿಂತೆ ಹತ್ತಿತ್ತು. ಹೊಸ ಟೀಚರ್ ದಿನಾ ಆಟ ಆಡಿಸುತ್ತಾರಂತೆ. ಏನು ಕಲಿತೆ ಎಂದರೆ ಇವಳು "ಕಪ್ಪೆ" ಅನ್ನುತ್ತಾಳೆ. ನನ್ನ ಹಾಗೆ ಇವಳೂ ಅರ್ಧಕ್ಕೇ ನಿಂತರೆ ಏನು ಗತಿ? ಬೇರೆ ಶಾಲೆಗೆ ಹಾಕೋಣವೆಂದು ಇವರ ಕೈಯಲ್ಲಿ ಟಿ.ಸಿ. ಅರ್ಜಿ ಬರೆಸಿಕೊಂಡು ಹೋದೆ.

ಹೊರಗಿನಿಂದಲೇ ಮಕ್ಕಳ ನಗು ಕೇಳಿಸಿತು. ತರಗತಿಯಲ್ಲಿ ನಗು ಎದ್ದರೆ ಯಾವುದೋ ಮಗು ಅಳುತ್ತಿದೆ ಎಂದೇ ನನ್ನ ಲೆಕ್ಕ. ಇಣುಕಿದರೆ ಯಾರೂ ಅಳುತ್ತಿರಲಿಲ್ಲ. ಕಾಗದದ ಕಪ್ಪೆಗಳನ್ನು ಬೆರಳಿನಿಂದ ಹಾರಿಸಿ, ಎಷ್ಟು ದೂರ ಜಿಗಿಯಿತೆಂದು ಟೇಪಿನಲ್ಲಿ ಅಳೆಯುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಚಿನಕುರುಳಿ ನನ್ನ ಕೈಲಿದ್ದ ಕಾಗದ ಕಿತ್ತುಕೊಂಡು ಕಪ್ಪೆ ಮಡಚಿಬಿಟ್ಟಳು. ಅರ್ಜಿ ಜಿಗಿಯಿತು. ಟೀಚರ್ ನಗುತ್ತಾ, "ನೀವು ಟೈಲರ್ ಅಲ್ವಾ, ಎಷ್ಟು ಬಂತು ನೋಡಿ ಹೇಳಿ," ಎಂದರು.

ನಾನು ಟೇಪು ಹಿಡಿದು ಅತ್ತಿತ್ತ ತಿರುಗಿಸಿದೆ. ನಿನಗೆ ಗೊತ್ತಲ್ಲ, ಅಲ್ಲಿಯವರೆಗೂ ನಾನು ಅಳೆಯುತ್ತಿದ್ದುದು ದಾರದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ದಾರ, ತೋಳಿಗೊಂದು ಗಂಟು, ಸೊಂಟಕ್ಕೊಂದು ಗಂಟು. ಟೇಪು ಕೊರಳಲ್ಲಿ ತೋರಿಕೆಗೆ ಮಾತ್ರ.

"ನಮ್ಮಮ್ಮಂಗೆ ಗೆರೆ ಓದೋಕೆ ಬರಲ್ಲ ಟೀಚರ್," ಎಂದಳು ಮಗಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಒಂದು ಮಗುವೂ ನಗಲಿಲ್ಲ. ಅವಳು ನನ್ನ ಬೆರಳು ಹಿಡಿದು ಟೇಪಿನ ಮೇಲಿಟ್ಟು, "ಇಲ್ನೋಡಮ್ಮ, ಉದ್ದ ಗೆರೆ ಇಂಚು, ಮಧ್ಯದ್ದು ಅರ್ಧ, ಅದರ ಮಧ್ಯದ್ದು ಕಾಲು. ಈಗ ಹೇಳು," ಎಂದಳು.

ಒಂಬತ್ತೂಮುಕ್ಕಾಲು ಎಂದೆ ಅಕ್ಕ. ಸರಿಯಾಗಿತ್ತು.

ನನ್ನ ಅನುಮಾನ ಹುಟ್ಟುಗುಣ. ಕಪ್ಪೆ ಹೋದರೆ ಕಲಿತದ್ದೂ ಹೋದೀತೆಂದು ವಾರ ಬಿಟ್ಟು ಒಂದು ಅಂಗಿಯ ತೋಳು ಅಳೆಯಲು ಹೇಳಿದೆ. ಥಟ್ಟನೆ ಹೇಳಿದಳು. ಮಗ್ಗಿ ಮಾತ್ರ ಏಳರ ಮೇಲೆ ತಡವರಿಸುತ್ತಾಳೆ. ಕೇಳಿದ್ದಕ್ಕೆ ಟೀಚರ್, "ಅದನ್ನು ಕೂತು ಬಾಯಿಪಾಠ ಮಾಡಲೇಬೇಕು, ಕಪ್ಪೆ ಎಲ್ಲದಕ್ಕೂ ಆಗಲ್ಲ," ಎಂದರು. ಆ ಮಾತು ಕೇಳಿದ ಮೇಲೆ ನನಗೆ ಪೂರ್ತಿ ನೆಮ್ಮದಿ. ಇನ್ನೊಂದು ಅರ್ಜಿ ಬರೆಸಲಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ಇಂತಿ ನಿನ್ನ ತಂಗಿ

ಮರೆತ ಮಾತು: ಅಮ್ಮನಿಗೆ ಆಸರೆಯಾಗಲು ನಾನು ಶಾಲೆ ಬಿಟ್ಟೆನೆಂದು ನೀನು ಎಲ್ಲರಿಗೂ ಹೇಳುತ್ತೀಯ. ಹಾಗಲ್ಲ. ಸ್ಕೇಲು ಓದಲು ಬಾರದೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗ ಇಡೀ ತರಗತಿ ನಕ್ಕಿತು. ಕಿಟಕಿಯಾಚೆ ನೀನೂ ನಕ್ಕೆ. ಆಗ ನೀನೂ ಚಿಕ್ಕವಳೇ, ಸಿಟ್ಟೇನಿಲ್ಲ. ಎಲ್ಲರ ಅಳತೆಯೂ ಈಗ ಇಂಚಿನಲ್ಲಿ ಪುಸ್ತಕಕ್ಕೆ ಬಂದಿದೆ, ನಿನ್ನದೊಂದೇ ಇನ್ನೂ ದಾರದಲ್ಲಿದೆ. ಬಾ. ಟೇಪಿನಲ್ಲಿ ತೆಗೆಯುತ್ತೇನೆ, ನಾನೇ ಓದಿ ಹೇಳುತ್ತೇನೆ.