ಮೂಗೇ ಮೀಟರ್

ಅಪ್ಪಾ,

"ಕೆಮಿಕಲ್ ಇಂಜಿನಿಯರಿಂಗ್ ಓದೋಕೆ ನಾಲ್ಕು ವರ್ಷ ಯಾಕೆ? ನನ್ನ ಮೂಗು ಸಾಲದಾ?" ಎಂದಿದ್ದೆಯಲ್ಲ, ಕೇಳು. ಇವತ್ತು ನಮ್ಮ ಕಾರ್ಖಾನೆ ನೋಡಲು ಕಾಲೇಜಿನ ಮಕ್ಕಳು ಬಂದಿದ್ದರು. "ಮೇಡಂ, ಇದನ್ನ ಓದಿದ್ರೆ ಲಾಭ ಏನು, ನಷ್ಟ ಏನು?" ಎಂದು ಒಬ್ಬಳು ಕೇಳುತ್ತಿದ್ದ ಹಾಗೇ, ನಮ್ಮ ಹಿರಿಯ ಆಪರೇಟರ್ ಪೈಪಿನ ಜಾಯಿಂಟಿಗೆ ಮೂಗು ತಾಗಿಸಿ ಸೋರಿಕೆ ಹುಡುಕತೊಡಗಿದರು, ಥೇಟ್ ನೀನು ನಿನ್ನ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆ. ಎಲ್ಲರೆದುರೇ ಅವರ ಕಾಲರ್ ಹಿಡಿದು ಹಿಂದಕ್ಕೆಳೆದೆ.

"ಮೂವತ್ತು ವರ್ಷದಿಂದ ಮೂಸ್ತಿದೀನಿ, ಏನಾಗಿದೆ ನಂಗೆ?" ಎಂದು ಮುಖ ಊದಿಸಿಕೊಂಡರು. ಕೊನೆಯುಸಿರಿನವರೆಗೂ ನಿನ್ನ ಮಾತೂ ಅದೇ. ಗ್ಯಾಸ್ ಅಳೆಯುವ ಮೀಟರನ್ನು ಅವರ ಕೈಗೆ ತುರುಕಿದೆ. ದೊಡ್ಡವರೆಂದು ಸುಮ್ಮನಿರಬೇಕಿತ್ತು ಅನ್ನುತ್ತೀಯಾ? ಇರುವುದಿಲ್ಲ. ನಾಳೆಯೂ ಎಳೆಯುತ್ತೇನೆ.

ಹುಡುಗಿಗೆ ಹೇಳಿದೆ: "ಲಾಭ ಇದೇ ಕಣಮ್ಮ, ಆ ವಾಸನೆ ಒಳಗೆ ಹೋಗಿ ಏನು ಮಾಡುತ್ತೆ ಅಂತ ಗೊತ್ತಾಗುತ್ತೆ. ನಷ್ಟ ಏನಂದ್ರೆ, ಮನೇಲಿ ಯಾರು ಕೆಮ್ಮಿದ್ರೂ ಅದು ಬರೀ ಕೆಮ್ಮಾಗಿ ಕೇಳಿಸಲ್ಲ."

ಆ ವಾಸನೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬ ಪಾಠ ನಮಗಾದದ್ದು ಕಾಲೇಜಿನ ಮೂರನೇ ವರ್ಷದಲ್ಲಿ. ಆ ವಾರ ಮನೆಗೆ ಬಂದಾಗ ನೀನು ಊಟದ ನಡುವೆ ಕೆಮ್ಮಿದೆ. ನಾನು ನೀರಿನ ಲೋಟವನ್ನು ನಿನ್ನ ಹತ್ತಿರ ಸರಿಸಿದೆ, ಅಷ್ಟೇ.